ಕಡತ ತೆರೆಯದಾದಾಗ: ಕನ್ನಡದ ಗಣಕ ಬರವಣಿಗೆ ಮತ್ತು ಮುಕ್ತ ತಂತ್ರಾಂಶದ ಇತಿಹಾಸ



ಕಳೆದ ಡಿಸೆಂಬರಿನ ಒಂದು ಸಂಜೆ ಬ್ರಿಸ್ಬೇನಿನಿಂದ ಹಿರಿಯರೊಬ್ಬರು ಪರ್ತ್‌ನಲ್ಲಿರುವ ನನಗೆ ದೂರವಾಣಿ ಕರೆ ಮಾಡಿದರು. ನಾನು ವೃತ್ತಿಯಿಂದ ವೈದ್ಯ. ಬಿಡುವಿನ ವೇಳೆಯಲ್ಲಿ ಸಂಘದ ಗಣಕಯಂತ್ರದ ಕೆಲಸಗಳಿಗೆ ಕೈಜೋಡಿಸುವವನು. ಅವರು ಕೇಳಿದ್ದು ಆರೋಗ್ಯದ ವಿಚಾರವಲ್ಲ. "ಡಾಕ್ಟ್ರೇ, ನಮ್ಮಮ್ಮ ಹೇಳಿ ಬರೆಸಿದ್ದೆಲ್ಲ ಕಂಪ್ಯೂಟರಿನಲ್ಲಿದೆ. ಆದರೆ ಒಂದಕ್ಷರವೂ ಓದಲಾಗುತ್ತಿಲ್ಲ. ನೀವು ಒಮ್ಮೆ ನೋಡುತ್ತೀರಾ?" ಎಂದರು.

ಅವರ ತಾಯಿ 2003ರಲ್ಲಿ ಆರು ತಿಂಗಳು ಮಗನ ಮನೆಯಲ್ಲಿ ಇದ್ದು ಹೋಗಿದ್ದರು. ತೀರ್ಥಹಳ್ಳಿಯ ಕಡೆಯ ತಮ್ಮ ಬಾಲ್ಯ, ತುಂಗಾ ನದಿಯ ಮಳೆಗಾಲ, ಹಬ್ಬದ ಅಡುಗೆ, ಮದುವೆಯ ಹಾಡುಗಳು, ಇವೆಲ್ಲವನ್ನೂ ಅವರು ಹೇಳುತ್ತ ಹೋದಂತೆ ಮಗ ರಾತ್ರಿ ಕುಳಿತು ಕನ್ನಡದಲ್ಲಿ ಬೆರಳಚ್ಚು ಮಾಡಿದ್ದರು. ಒಟ್ಟು ನಲವತ್ತೆರಡು ಪುಟ. ಮುದ್ರಿಸಿಟ್ಟ ಪ್ರತಿ 2011ರ ಜನವರಿಯ ಪ್ರವಾಹದಲ್ಲಿ ಮನೆಯ ಕೆಳ ಅಂತಸ್ತಿನ ಸಾಮಾನಿನೊಡನೆ ಕೊಚ್ಚಿಹೋಯಿತು. ತಾಯಿ ಈಗ ಇಲ್ಲ. ಉಳಿದದ್ದು ಕಡತವೊಂದೇ. ಹಳೆಯ ಗಣಕಯಂತ್ರ ಕೆಟ್ಟು, ಹೊಸದರಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳು, ಪೌಂಡ್ ನಾಣ್ಯದ ಚಿಹ್ನೆ, ತಲೆಯ ಮೇಲೆ ಗೆರೆ ಹೊತ್ತ ವಿಚಿತ್ರ ಲಿಪಿಗಳು ತುಂಬಿದ ಪುಟಗಳು ಕಂಡವು. ಕಡತಕ್ಕೆ ವೈರಸ್ ತಗುಲಿದೆಯೆಂದು ಯಾರೋ ಹೇಳಿದ್ದರಿಂದ ಅವರು ಅದನ್ನು ಅಳಿಸಿಬಿಡುವ ಹಂತದಲ್ಲಿದ್ದರು.

ಕಡತಕ್ಕೆ ಯಾವ ರೋಗವೂ ಇರಲಿಲ್ಲ. ಅದು ಏಕೆ ಹಾಗೆ ಕಾಣುತ್ತಿತ್ತು ಎಂಬುದನ್ನು ತಿಳಿಯಬೇಕಾದರೆ ಕನ್ನಡವು ಗಣಕಯಂತ್ರವನ್ನು ಪ್ರವೇಶಿಸಿದ ಇತಿಹಾಸವನ್ನು ಸ್ವಲ್ಪ ನೋಡಬೇಕಾಗುತ್ತದೆ. ನಾವು ದಿನನಿತ್ಯ ಬಳಸುವ ತಂತ್ರಾಂಶವನ್ನು ಹೇಗೆ ಆರಿಸಿಕೊಳ್ಳಬೇಕು ಎಂಬ ಪ್ರಶ್ನೆಗೂ ಉತ್ತರ ಆ ಇತಿಹಾಸದಲ್ಲೇ ಇದೆ.

ಗಣಕಯಂತ್ರಕ್ಕೆ ಅಕ್ಷರ ತಿಳಿಯದು. ಸಂಖ್ಯೆ ಮಾತ್ರ ತಿಳಿಯುತ್ತದೆ. ಆಸ್ಕಿ ಎಂಬ ಹಳೆಯ ಸಂಕೇತ ಪದ್ಧತಿಯಲ್ಲಿ 128 ಸ್ಥಾನಗಳಿದ್ದು, ಅವೆಲ್ಲವೂ ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳಿಗೆ ಮತ್ತು ಯಂತ್ರದ ನಿಯಂತ್ರಣಕ್ಕೆ ಮೀಸಲಾಗಿದ್ದವು. ಅದನ್ನು ವಿಸ್ತರಿಸಿದರೂ ದೊರೆಯುತ್ತಿದ್ದುದು 256 ಸ್ಥಾನಗಳು ಮಾತ್ರ. ನಮ್ಮ ಕಾಗುಣಿತ ಮತ್ತು ಒತ್ತಕ್ಷರಗಳು ಆ ಇಕ್ಕಟ್ಟಿನಲ್ಲಿ ಹಿಡಿಸುವಂತಿರಲಿಲ್ಲ. ಆಗಿನ ತಂತ್ರಜ್ಞರು ಒಂದು ಉಪಾಯ ಮಾಡಿದರು. ಅಕ್ಷರಗಳನ್ನು ತಲೆಕಟ್ಟು, ಕೊಂಬು, ಒತ್ತು ಎಂದು ತುಂಡುಗಳಾಗಿ ಒಡೆದು, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಆ ತುಂಡುಗಳ ಚಿತ್ರವನ್ನು ಇರಿಸಿದ ಫಾಂಟುಗಳನ್ನು ರಚಿಸಿದರು. ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು. ಒಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರವೇ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದೊಡನೆ ವೇಷ ಕಳಚುತ್ತಿತ್ತು.

ಇದನ್ನು ಆ ಹಿರಿಯರ ತಪ್ಪು ಎನ್ನುವುದು ಅನ್ಯಾಯವಾದೀತು. ಅವರ ಶ್ರಮವಿಲ್ಲದೆ ನಾವು ಇಂದು ಕನ್ನಡದಲ್ಲಿ ಬೆರಳಚ್ಚು ಮಾಡುತ್ತಿರಲಿಲ್ಲ. ದಕ್ಷಿಣ ಕನ್ನಡದ ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಕನ್ನಡದ ವರ್ಣಮಾಲೆಯನ್ನು ಧ್ವನಿಗೆ ಅನುಗುಣವಾಗಿ ಹೊಂದಿಸಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂದೇ ಹೆಸರಿಟ್ಟರು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಹೊರಬಂದು ವಿದೇಶದ ಕನ್ನಡಿಗರ ಮನೆಮನೆಗೂ ತಲುಪಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಕರ್ನಾಟಕ ಸರ್ಕಾರದ ಕಚೇರಿಗಳನ್ನು ಪ್ರವೇಶಿಸಿತು. ಪೂರ್ಣಚಂದ್ರ ತೇಜಸ್ವಿಯವರು ಹಂಪಿಯ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು' ತಂತ್ರಾಂಶದ ಬೆನ್ನಿಗೆ ನಿಂತರು. ಅವರೆಲ್ಲರೂ ಕೈಯಲ್ಲಿದ್ದ ಸಾಧನದಿಂದಲೇ ಭಾಷೆಗೆ ದಾರಿ ಮಾಡಿಕೊಟ್ಟರು.

ಆ ಇಕ್ಕಟ್ಟಿಗೆ ನಿಜವಾದ ಪರಿಹಾರ ಯೂನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲೇ ಭಾರತದ ಇಸ್ಕಿ ಮಾನಕವನ್ನು ಆಧರಿಸಿ ಕನ್ನಡಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು. ಯೂನಿಕೋಡಿನಲ್ಲಿ ಜಗತ್ತಿನ ಯಾವ ಯಂತ್ರದಲ್ಲಿ ತೆರೆದರೂ 'ಕ' ಎಂದರೆ 'ಕ'ವೇ. ಆದರೆ ಮಾನಕ ಬಂದೊಡನೆ ಬಳಕೆ ಬರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಯೂನಿಕೋಡ್ ಕನ್ನಡ ಫಾಂಟನ್ನು ಹೊತ್ತು ತಂದಿತು; 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಆದರೂ ಮುದ್ರಣಾಲಯಗಳು, ಕಚೇರಿಗಳು ಮತ್ತು ನಮ್ಮಂತಹ ಸಂಘಗಳು ಅನೇಕ ವರ್ಷ ಹಳೆಯ ಪದ್ಧತಿಯಲ್ಲೇ ಮುಂದುವರಿದವು. ಬ್ರಿಸ್ಬೇನಿನ ಆ ನಲವತ್ತೆರಡು ಪುಟಗಳು ಈ ಸಂಧಿಕಾಲದ ಕೂಸು.

ಇದೇ ವರ್ಷಗಳಲ್ಲಿ ಇನ್ನೊಂದು ಹೊಳೆಯೂ ಹರಿಯುತ್ತಿತ್ತು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಆರಂಭಿಸಿದರು. ಇವುಗಳಿಂದ ಬೆಳೆದುದೇ ಮುಕ್ತ ತಂತ್ರಾಂಶ. 'ಉಚಿತ' ಮತ್ತು 'ಮುಕ್ತ' ಎಂಬ ಎರಡು ಪದಗಳನ್ನು ನಾವು ಬೆರೆಸಿಬಿಡುತ್ತೇವೆ. ಕರೆದು ಊಟ ಬಡಿಸಿದರೆ ಅದು ಉಚಿತ. ಅಡುಗೆಯ ಕ್ರಮವನ್ನೂ ಬರೆದುಕೊಟ್ಟು, ನಿಮ್ಮ ರುಚಿಗೆ ಬದಲಿಸಿಕೊಂಡು ನೀವೂ ನಾಲ್ಕು ಜನಕ್ಕೆ ಬಡಿಸಿ ಎಂದರೆ ಅದು ಮುಕ್ತ. ಅಡುಗೆಯವರು ಊರು ಬಿಟ್ಟರೂ ಅಡುಗೆ ನಿಲ್ಲುವುದಿಲ್ಲ.

ಈ ಇತಿಹಾಸದಲ್ಲಿ ನಮ್ಮ ಆಸ್ಟ್ರೇಲಿಯಕ್ಕೂ ದೊಡ್ಡ ಪಾಲಿದೆ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದ ಆಂಡ್ರ್ಯೂ ಟ್ರಿಜೆಲ್ ಬೇರೆಬೇರೆ ಬಗೆಯ ಯಂತ್ರಗಳು ಪರಸ್ಪರ ಕಡತ ಹಂಚಿಕೊಳ್ಳುವಂತೆ ಮಾಡುವ 'ಸಾಂಬಾ' ತಂತ್ರಾಂಶವನ್ನು 1992ರ ಹೊತ್ತಿಗೆ ಬರೆದರು. ಇದು ನಮ್ಮ ಸಾಂಬಶಿವನ ಹೆಸರಲ್ಲ. ಎಸ್, ಎಂ, ಬಿ ಅಕ್ಷರಗಳಿರುವ ಪದವನ್ನು ಹುಡುಕಿದಾಗ ಸಿಕ್ಕ ನೃತ್ಯದ ಹೆಸರು. 1996ರಲ್ಲಿ ಅವರೂ ಪಾಲ್ ಮೆಕೆರಸ್ ಅವರೂ ಸೇರಿ ರಚಿಸಿದ 'ಆರ್‌ಸಿಂಕ್' ಇಂದಿಗೂ ಕಡತಗಳ ಪ್ರತಿ ಕಾಯ್ದಿಡಲು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಲಿನಕ್ಸಿಗೆ ಪೆಂಗ್ವಿನ್ ಲಾಂಛನ ಬಂದ ಕಥೆಯಲ್ಲಿಯೂ ಕ್ಯಾನ್‌ಬೆರಾದ ಮೃಗಾಲಯದಲ್ಲಿ ಟೊರ್ವಾಲ್ಡ್ಸರ ಕೈಗೆ ಕುಟುಕಿದ ಪುಟ್ಟ ಪೆಂಗ್ವಿನ್ನಿನ ಪ್ರಸಂಗವಿದೆ.

1999ರಲ್ಲಿ ರಸ್ಟಿ ರಸೆಲ್ ಮೆಲ್ಬರ್ನಿನಲ್ಲಿ ಲಿನಕ್ಸ್ ಆಸಕ್ತರ ಸಮ್ಮೇಳನವೊಂದನ್ನು ಏರ್ಪಡಿಸಿದರು. ಅದು ಮುಂದೆ ಊರಿಂದ ಊರಿಗೆ ಸಂಚರಿಸುವ ವಾರ್ಷಿಕ ಸಮ್ಮೇಳನವಾಗಿ ಬೆಳೆದು 2002ರಲ್ಲಿ ಬ್ರಿಸ್ಬೇನ್, 2003ರಲ್ಲಿ ಪರ್ತ್, 2004ರಲ್ಲಿ ಅಡಿಲೇಡ್ ನಗರಗಳ ವಿಶ್ವವಿದ್ಯಾಲಯಗಳಲ್ಲಿ ನಡೆಯಿತು. ಆಯಾ ಊರಿನ ಸ್ವಯಂಸೇವಕರೇ ಎಲ್ಲ ಹೊಣೆ ಹೊರುತ್ತಿದ್ದರು. ನಮ್ಮ ರಾಜ್ಯೋತ್ಸವ ನಡೆಯುವಂತೆಯೇ ಎನ್ನಿ. 2011ರ ಜನವರಿಯಲ್ಲಿ ಅದು ಮತ್ತೆ ಬ್ರಿಸ್ಬೇನಿಗೆ ಬಂದಾಗ ಪ್ರವಾಹ ಬಂದೆರಗಿತು. ಸ್ವಯಂಸೇವಕರು ಕೆಲವೇ ದಿನಗಳಲ್ಲಿ ಸ್ಥಳ ಬದಲಾಯಿಸಿ ಸಮ್ಮೇಳನ ನಡೆಸಿದರು. ನಮ್ಮ ಹಿರಿಯರ ಕಾಗದಗಳು ಕೊಚ್ಚಿಹೋದುದು ಅದೇ ಪ್ರವಾಹದಲ್ಲಿ.

ಸರ್ಕಾರಿ ದಾಖಲೆಗಳನ್ನು ಕಾಯುವ ಆಸ್ಟ್ರೇಲಿಯದ ರಾಷ್ಟ್ರೀಯ ಪತ್ರಾಗಾರಕ್ಕೂ ನಮ್ಮದೇ ಪ್ರಶ್ನೆ ಎದುರಾಗಿತ್ತು: ಇಂದಿನ ಕಡತವನ್ನು ಮುಂದಿನ ತಲೆಮಾರು ತೆರೆಯುವುದು ಹೇಗೆ? ಪತ್ರಾಗಾರವು 'ಝೀನಾ' ಎಂಬ ಮುಕ್ತ ತಂತ್ರಾಂಶವನ್ನು ತಾನೇ ಸಿದ್ಧಪಡಿಸಿ, ಹಲವು ಬಗೆಯ ಕಡತಗಳನ್ನು ಯಾರೂ ಓದಬಹುದಾದ ಮುಕ್ತ ರೂಪಗಳಿಗೆ ಪರಿವರ್ತಿಸಿತು. ಕಚೇರಿ ಕಡತಗಳ ಅಂತಹ ರೂಪವಾದ ಓಪನ್ ಡಾಕ್ಯುಮೆಂಟ್ 2006ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು. ಇಂದಿನ ಲಿಬ್ರೆಆಫೀಸ್ ಬಳಸುವುದು ಅದನ್ನೇ.

ಕನ್ನಡದ ಸ್ವಯಂಸೇವಕರೂ ಸುಮ್ಮನಿರಲಿಲ್ಲ. ಲಿನಕ್ಸ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳ ಆದೇಶಗಳನ್ನು ಕನ್ನಡಕ್ಕೆ ತಂದರು. ಲೋಹಿತ್, ಗುಬ್ಬಿ, ನವಿಲು ಮೊದಲಾದ ಮುಕ್ತ ಫಾಂಟುಗಳು ಬಂದವು. ಇಂದು ಪರ್ತ್‌ನಲ್ಲಿ ಕುಳಿತು ಯಾವುದೇ ಪ್ರಮುಖ ಲಿನಕ್ಸ್ ವ್ಯವಸ್ಥೆಯ ಕೀಲಿಮಣೆಗಳ ಪಟ್ಟಿಯನ್ನು ತೆರೆದರೆ ಅಲ್ಲಿ 'ಕಗಪ' ಎಂಬ ಹೆಸರು ಕಾಣುತ್ತದೆ. ಅದು ಕನ್ನಡ ಗಣಕ ಪರಿಷತ್ತಿನ ಹ್ರಸ್ವ ರೂಪ. ಆ ವಿನ್ಯಾಸದ ಮೂಲ ರಾವ್ ಅವರ ಕೀಲಿಮಣೆ. ಕನ್ನಡದ್ದಲ್ಲದೆ ತೆಲುಗು, ಹಿಂದಿ, ಮರಾಠಿ, ಸಂಸ್ಕೃತಗಳಿಗೂ ಅದೇ ಹೆಸರಿನ ವಿನ್ಯಾಸಗಳು ಅಲ್ಲಿವೆ. ಮುಕ್ತವಾಗಿ ಕೊಟ್ಟದ್ದು ಎಷ್ಟು ದೂರ ನಡೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಇನ್ನು ಚಿಕಿತ್ಸೆಯ ವಿಚಾರ. ಕನ್ನಡ ಕಡತ ಸರಿಯಾಗಿ ಕಾಣದಿದ್ದಾಗ ಮೂರು ಲಕ್ಷಣಗಳನ್ನು ಗುರುತಿಸಿಕೊಳ್ಳಿ. ಖಾಲಿ ಚೌಕಗಳು ಕಂಡರೆ ಬರಹ ಯೂನಿಕೋಡಿನಲ್ಲಿದ್ದು ಕನ್ನಡ ಫಾಂಟ್ ಇಲ್ಲವೆಂದು ಅರ್ಥ. ಫಾಂಟ್ ಅಳವಡಿಸಿದರೆ ಸಾಕು. ಕನ್ನಡವೇ ಕಂಡರೂ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತಿದ್ದರೆ ಆ ತಂತ್ರಾಂಶಕ್ಕೆ ಅಕ್ಷರ ಜೋಡಿಸಲು ಬರುತ್ತಿಲ್ಲ; ಹೊಸ ಆವೃತ್ತಿಯಲ್ಲೋ ಬೇರೆ ತಂತ್ರಾಂಶದಲ್ಲೋ ತೆರೆಯಬೇಕು. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೊಂದಲ ಕಂಡರೆ ಅದು ಹಳೆಯ ಸಂಕೇತದ ಬರಹ. ಅದನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಯಾವ ಸಂದರ್ಭದಲ್ಲೂ ಮೂಲ ಕಡತವನ್ನು ಮುಟ್ಟದೆ ಪ್ರತಿಯ ಮೇಲೆ ಕೆಲಸ ಮಾಡಿ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ. ಏಕಕಾಲಕ್ಕೆ ಮೂರು ಔಷಧ ಕೊಟ್ಟರೆ ಗುಣವಾದುದು ಯಾವುದರಿಂದ ಎಂದು ವೈದ್ಯನಿಗೂ ತಿಳಿಯುವುದಿಲ್ಲ.

ಬ್ರಿಸ್ಬೇನಿನ ಕಡತ ಮೂರನೆಯ ಬಗೆಯದು. ಲಿಬ್ರೆಆಫೀಸಿನಲ್ಲಿ ತೆರೆದು ಫಾಂಟಿನ ಹೆಸರು ನೋಡಿಕೊಂಡೆ. ಸ್ವಯಂಸೇವಕರು ರಚಿಸಿರುವ ಆಸ್ಕಿ-ಯೂನಿಕೋಡ್ ಪರಿವರ್ತಕಕ್ಕೆ ಪಠ್ಯವನ್ನು ಹಾಕಿದೆ. ಕೆಲವೇ ಕ್ಷಣಗಳಲ್ಲಿ ಕನ್ನಡ ಮೂಡಿತು. ಪರಿವರ್ತನೆ ಪರಿಪೂರ್ಣವಾಗಿರಲಿಲ್ಲ. ಅರ್ಕಾವೊತ್ತು ಕೆಲವೆಡೆ ಪಕ್ಕದ ಅಕ್ಷರಕ್ಕೆ ಜಾರಿತ್ತು, ಇಂಗ್ಲಿಷ್ ಪದಗಳು ಕನ್ನಡದ ವಿಕಾರ ರೂಪ ತಾಳಿದ್ದವು. ನಾನೂ ಅವರೂ ನಾಲ್ಕು ಭಾನುವಾರ ದೂರವಾಣಿಯಲ್ಲಿ ಕುಳಿತು ತಿದ್ದಿದೆವು. ಒಂದೆಡೆ ತಿದ್ದಲು ಹೊರಟಾಗ ಅವರು ತಡೆದರು: "ಅದು ತಪ್ಪಲ್ಲ ಡಾಕ್ಟ್ರೇ, ಅಮ್ಮ ಹಾಗೇ ಹೇಳುತ್ತಿದ್ದುದು." ಅದನ್ನು ಹಾಗೆಯೇ ಬಿಟ್ಟೆವು. ಈಗ ಅದರ ಓಪನ್ ಡಾಕ್ಯುಮೆಂಟ್ ಪ್ರತಿ, ಪಿಡಿಎಫ್ ಪ್ರತಿ ಮತ್ತು ಮುದ್ರಿತ ಪ್ರತಿ ಅವರ ಮನೆಯಲ್ಲೂ ಅಡಿಲೇಡಿನಲ್ಲಿರುವ ಮಗಳ ಮನೆಯಲ್ಲೂ ಇವೆ.

ತಂತ್ರಾಂಶದ ಆಯ್ಕೆಯ ಪ್ರಶ್ನೆ ಇಂದು ಅನೇಕ ಸದಸ್ಯರ ಮುಂದಿದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಚೆನ್ನಾಗಿ ನಡೆಯುತ್ತಿರುವ ಅನೇಕ ಲ್ಯಾಪ್‌ಟಾಪುಗಳು ವಿಂಡೋಸ್ 11ರ ನಿಯಮಗಳಿಗೆ ಹೊಂದುವುದಿಲ್ಲ. ಅವುಗಳನ್ನು ಎಸೆಯುವ ಮೊದಲು ಉಬುಂಟು ಅಥವಾ ಲಿನಕ್ಸ್ ಮಿಂಟ್ ಪ್ರಯತ್ನಿಸಬಹುದು. ಮೊದಲು ಎಲ್ಲ ಕಡತಗಳ ಪ್ರತಿ ಮಾಡಿಟ್ಟುಕೊಳ್ಳಿ. ಇವನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಲು ಸಾಧ್ಯ. ವೈಫೈ, ಪ್ರಿಂಟರ್, ಧ್ವನಿ ಸರಿಯಿವೆಯೇ ಎಂದು ಪರೀಕ್ಷಿಸಿದ ನಂತರವೇ ಅಳವಡಿಸಿಕೊಳ್ಳಿ. ಅಷ್ಟು ದೂರ ಹೋಗಲು ಮನಸ್ಸಿಲ್ಲದವರು ಈಗಿರುವ ಯಂತ್ರದಲ್ಲೇ ಲಿಬ್ರೆಆಫೀಸ್, ಫೈರ್‌ಫಾಕ್ಸ್, ವಿಎಲ್‌ಸಿಗಳನ್ನು ಬಳಸಿ ಅಭ್ಯಾಸ ಮಾಡಿಕೊಳ್ಳಬಹುದು. ಎಲ್ಲರಿಗೂ ಇದೇ ಸರಿ ಎಂದು ನಾನು ಹೇಳಲಾರೆ. ಉದ್ಯೋಗಕ್ಕೆ ನಿರ್ದಿಷ್ಟ ತಂತ್ರಾಂಶವೇ ಬೇಕಾದವರಿಗೆ ಅದನ್ನು ಬಿಡಲು ಆಗದು. ನನ್ನ ಚಿಕಿತ್ಸಾಲಯದ ಯಂತ್ರಗಳೂ ಹಾಗೆಯೇ ಇವೆ. ಆದರೆ ಯಾವುದನ್ನು ಆರಿಸಿದರೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ತಂತ್ರಾಂಶ ನಾಳೆ ಇಲ್ಲವಾದರೆ ನಾನು ಬರೆದದ್ದನ್ನು ಬೇರೆಯವರು ಓದಬಲ್ಲರೇ?

ಪರ್ತ್, ಬ್ರಿಸ್ಬೇನ್, ಅಡಿಲೇಡಿನ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಹಳೆಯ ಸಿ.ಡಿ., ಪೆನ್‌ಡ್ರೈವ್, ಕಪಾಟಿನಲ್ಲಿರುವ ಹಳೆಯ ಲ್ಯಾಪ್‌ಟಾಪುಗಳನ್ನು ಈ ತಿಂಗಳು ಒಮ್ಮೆ ತೆರೆದು ನೋಡಿ. ನಾಟಕದ ಸಂಭಾಷಣೆ, ಸಂಚಿಕೆಯ ಲೇಖನ, ತಂದೆ ತಾಯಿಯರ ಪತ್ರ, ಏನೇ ಇರಲಿ, ಓದಲಾಗದ ಅಕ್ಷರ ಕಂಡರೆ ಅಳಿಸಬೇಡಿ. ಸಂಘದ ಸ್ವಯಂಸೇವಕರಿಗೆ ತಿಳಿಸಿ. ಹಳೆಯ ಸಿ.ಡಿ.ಗಳು ಕಾಲಕ್ರಮದಲ್ಲಿ ಕೆಡುತ್ತವೆ. ಆ ಬರಹದಲ್ಲಿ ಏನಿದೆಯೆಂದು ಬಲ್ಲ ಹಿರಿಯರು ನಮ್ಮೊಡನೆ ಇರುವಾಗಲೇ ಈ ಕೆಲಸ ಮುಗಿಯಬೇಕು.