ನಾಯಿಯ ಜಾತಕ

ನಮ್ಮ ಮನೆಯಲ್ಲಿ ನಿವೇಶನದ ಕ್ರಯಪತ್ರ, ಎಲ್‌ಐಸಿ ಬಾಂಡು, ಅಮ್ಮನ ಅಂಕಪಟ್ಟಿ ಇಟ್ಟಿರುವ ಫೈಲಿನಲ್ಲಿ ಒಂದು ನಾಯಿಯ ಪ್ರಮಾಣಪತ್ರವೂ ಇದೆ. ಡಾಲ್ಮೇಷಿಯನ್ ಗಂಡು ನಾಯಿ, ಹೆಸರು ಚುಕ್ಕಿ. ಮಾರಿದವರು ‘ಪೇಪರ್ಸ್ ಇದೆ ಸಾರ್, ಪ್ಯೂರ್ ಬ್ರೀಡು’ ಎಂದು ಮರಿಯ ಜೊತೆ ಕೊಟ್ಟ ಕಾಗದ ಅದು. ಮೂರು ತಲೆಮಾರಿನ ಹೆಸರುಗಳಿದ್ದ ಆ ಜಾತಕವನ್ನು ಅಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದರು.

ಚುಕ್ಕಿಗೆ ನಾಲ್ಕು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ಅದು ಗೇಟಿನ ಬಳಿ ಕಾಲೆತ್ತಿ ನಿಂತೇ ಇತ್ತು. ಮೂತ್ರ ಬರಲಿಲ್ಲ. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಆಪರೇಷನ್ ಮುಗಿಸಿ ಬಂದ ಡಾಕ್ಟರು ‘ಈ ಜಾತಿಗೆ ಇದು ಮಾಮೂಲಿ’ ಎಂದರು. ‘ರಿಜಿಸ್ಟರ್ ಆದ ನಾಯಿ ಅಲ್ವಾ ಡಾಕ್ಟ್ರೇ?’ ಎಂದು ಅಪ್ಪ ಕೇಳಿದರು. ‘ರಿಜಿಸ್ಟರ್ ಆಗಿರೋದ್ರಿಂದಲೇ ಸಾರ್.’

ಆ ಮಾತು ಅರ್ಥವಾಗಬೇಕಾದರೆ ನೂರೈವತ್ತು ವರ್ಷಗಳಿಗೂ ಹಿಂದೆ, ಇಂಗ್ಲೆಂಡಿಗೆ ಹೋಗಬೇಕಾಯಿತು.

1859ರಲ್ಲಿ ನ್ಯೂಕಾಸಲ್‌ನಲ್ಲಿ ಕೋಳಿಗಳ ಪ್ರದರ್ಶನದ ಜೊತೆಗೇ ಬೇಟೆನಾಯಿಗಳ ಒಂದು ಪ್ರದರ್ಶನ ನಡೆಯಿತು. ಪಾಯಿಂಟರ್ ಮತ್ತು ಸೆಟರ್, ಎರಡೇ ಬಗೆಯ ನಾಯಿಗಳು. ಬಹುಮಾನ ಬಂದೂಕು. ವ್ಯವಸ್ಥಿತವಾಗಿ ನಡೆದ ಮೊದಲ ಶ್ವಾನಪ್ರದರ್ಶನವೆಂದು ಇದನ್ನೇ ಹೇಳುವುದು ವಾಡಿಕೆ. ನೋಡುನೋಡುತ್ತ ಇಂಥವು ಊರೂರಿಗೂ ಹಬ್ಬಿದವು. ಜೊತೆಗೆ ಮೋಸವೂ ಹಬ್ಬಿತು. ಒಂದೇ ಹೆಸರಿನ ಹತ್ತಾರು ನಾಯಿಗಳು. ಗೆದ್ದದ್ದು ಯಾವುದು, ಮಾರಾಟಕ್ಕೆ ಬಂದದ್ದು ಯಾವುದು ಎಂದು ಹೇಳುವವರಿಲ್ಲ. ಈ ಗೊಂದಲ ನೀಗಿಸಲೆಂದೇ ಪಾರ್ಲಿಮೆಂಟ್ ಸದಸ್ಯ ಸೀವಾಲಿಸ್ ಶರ್ಲಿ 1873ರಲ್ಲಿ ಗೆಳೆಯರನ್ನು ಸೇರಿಸಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಕಟ್ಟಿದ. ಮರುವರ್ಷ ಹೊರಬಂದ ವಂಶಾವಳಿ ಪುಸ್ತಕದಲ್ಲಿ 4,000ಕ್ಕೂ ಹೆಚ್ಚು ನಾಯಿಗಳಿದ್ದವು. 1880ರಲ್ಲಿ ಹೆಸರು ನೋಂದಾಯಿಸುವ ಪದ್ಧತಿ ಶುರುವಾಯಿತು.

ಗಮನಿಸಿ, ನೋಂದಣಿ ಹುಟ್ಟಿದ್ದು ಗುರುತಿಗಾಗಿ. ಈ ನಾಯಿ ಇದೇ, ಇದರ ತಂದೆ ತಾಯಿ ಇಂಥವರು ಎನ್ನಲು. ನಾಯಿ ಆರೋಗ್ಯವಾಗಿದೆಯೇ, ಸಾಕಿದವನು ಯೋಗ್ಯನೇ ಎಂಬ ಪ್ರಶ್ನೆಗಳನ್ನು ಆ ಪುಸ್ತಕ ಕೇಳಲೇ ಇಲ್ಲ. ತಮ್ಮ ಪ್ರಮಾಣಪತ್ರ ಗುಣಮಟ್ಟದ ಖಾತರಿಯಲ್ಲ ಎಂದು ಅಮೆರಿಕನ್ ಕೆನಲ್ ಕ್ಲಬ್ಬೇ ಹೇಳಿಕೊಂಡಿದೆ. ಅದನ್ನು ಖಾತರಿ ಎಂದು ಓದಿಕೊಂಡವರು ನಾವು, ಕೊಳ್ಳುವವರು, ಓದಿಸಿದವರು ಮಾರುವವರು.

ಇಷ್ಟೇ ಆಗಿದ್ದರೆ ಕಾಗದದಿಂದ ಕೇಡೇನಿರಲಿಲ್ಲ. ಆದರೆ ಕ್ರಮೇಣ ಪುಸ್ತಕದ ಬಾಗಿಲು ಮುಚ್ಚಿತು. ತಂದೆ ತಾಯಿ ಇಬ್ಬರೂ ನೋಂದಣಿಯಾಗಿದ್ದರೆ ಮಾತ್ರ ಮರಿಗೆ ನೋಂದಣಿ ಎಂಬುದು ನಿಯಮವಾಯಿತು. ಹೊರಗಿನ ರಕ್ತ ಬರುವಂತಿಲ್ಲ. ಒಳಗೆ ಒಂದು ದೋಷ ಎಲ್ಲ ನಾಯಿಗಳಲ್ಲೂ ನೆಲೆಯೂರಿದರೆ, ಅದನ್ನು ಹೊರಹಾಕಲು ಒಳಗಿನಿಂದ ದಾರಿಯೇ ಇಲ್ಲ.

ಡಾಲ್ಮೇಷಿಯನ್‌ಗೆ ಆದದ್ದು ಇದೇ. ಬೇರೆ ನಾಯಿಗಳ ದೇಹದಲ್ಲಿ ಯೂರಿಕ್ ಆಮ್ಲದ ಬಹುಪಾಲು ಸುಲಭವಾಗಿ ಕರಗುವ ಇನ್ನೊಂದು ವಸ್ತುವಾಗಿ ಹೊರಹೋಗುತ್ತದೆ. ಶುದ್ಧ ಡಾಲ್ಮೇಷಿಯನ್‌ನಲ್ಲಿ ಅದು ಹಾಗೇ ಮೂತ್ರಕ್ಕಿಳಿದು, ಕೆಲವು ನಾಯಿಗಳಲ್ಲಿ, ಅದರಲ್ಲೂ ಗಂಡುಗಳಲ್ಲಿ, ಕಲ್ಲುಗಟ್ಟುತ್ತದೆ. ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ 1973ರಲ್ಲಿ ಒಂದು ಡಾಲ್ಮೇಷಿಯನ್‌ಗೆ ಪಾಯಿಂಟರ್ ಜೊತೆ ಒಂದೇ ಒಂದು ಸಲ ಸಂಕರ ಮಾಡಿಸಿದರು. ಹುಟ್ಟಿದ ಮರಿಗಳಲ್ಲಿ ಆರೋಗ್ಯದ ಜೀನ್ ಇದ್ದವನ್ನು ಆರಿಸಿ ಮತ್ತೆ ಮತ್ತೆ ಡಾಲ್ಮೇಷಿಯನ್‌ಗೇ ಕೂಡಿಸುತ್ತ ಹೋದರು. ಪ್ರತಿ ತಲೆಮಾರಿಗೂ ಪಾಯಿಂಟರ್ ಪಾಲು ಅರ್ಧಕ್ಕಿಳಿಯುತ್ತದೆ. ಹತ್ತನೆಯದರಲ್ಲಿ ಅದು ಸಾವಿರಕ್ಕೆ ಒಂದರಷ್ಟೂ ಉಳಿಯುವುದಿಲ್ಲ.

1981ರಲ್ಲಿ ಅಮೆರಿಕನ್ ಕ್ಲಬ್ ಇಂಥ ಎರಡು ನಾಯಿಗಳನ್ನು ನೋಂದಾಯಿಸಿಕೊಂಡಿತು. ತಳಿಸಂಘದ ಸದಸ್ಯರಿಂದ ಗದ್ದಲವೆದ್ದಿತು: ಶುದ್ಧತೆ ಕೆಟ್ಟಿತು! ಬಾಗಿಲು ಮತ್ತೆ ಮುಚ್ಚಿತು. ಅದು ಪುನಃ ತೆರೆದದ್ದು 2011ರಲ್ಲಿ. ಬ್ರಿಟನ್ನಿನಲ್ಲಿ ಅದಕ್ಕೂ ಒಂದು ವರ್ಷ ಮುಂಚೆ. ಮದ್ದು ಕೈಯಲ್ಲಿದ್ದೂ ಮೂವತ್ತು ವರ್ಷ ಕಳೆದುಹೋಯಿತು. ಆ ಮೂವತ್ತು ವರ್ಷ ಕಲ್ಲಿನ ನಾಯಿಗೆ ಕಾಗದವಿತ್ತು, ಕಲ್ಲಿಲ್ಲದ ನಾಯಿಗೆ ಇರಲಿಲ್ಲ.

ಹಾಗೆಂದು ಕಾಗದವನ್ನು ಹರಿದೆಸೆಯಲು ನನಗೆ ಮನಸ್ಸಿಲ್ಲ. 2008ರಲ್ಲಿ ಬಿಬಿಸಿಯ ಸಾಕ್ಷ್ಯಚಿತ್ರವೊಂದು ವಂಶಶುದ್ಧ ನಾಯಿಗಳ ನರಳಾಟ ತೋರಿಸಿದಾಗ ಬ್ರಿಟನ್ನಿನಲ್ಲಿ ಕೋಲಾಹಲವಾಯಿತು; ಮರುವರ್ಷ ಬಿಬಿಸಿ ಕ್ರಫ್ಟ್ಸ್ ಪ್ರದರ್ಶನದ ಪ್ರಸಾರವನ್ನೇ ಕೈಬಿಟ್ಟಿತು. ಒಡಹುಟ್ಟಿದವುಗಳ, ಹೆತ್ತವರು ಮಕ್ಕಳ ಕೂಡಿಕೆಯಿಂದಾದ ಮರಿಗಳನ್ನು ನೋಂದಾಯಿಸುವುದಿಲ್ಲ ಎಂದು ಕೆನಲ್ ಕ್ಲಬ್ ನಿಯಮ ತಂದಿತು. ಒಳಸಂಬಂಧ ಎಷ್ಟು ಬಿಗಿಯಾಗಿದೆ ಎಂದು ಸಂಶೋಧಕರು ಲೆಕ್ಕ ಹಾಕಿದ್ದು ಮಾತ್ರ ಆ ಕ್ಲಬ್ಬಿನದೇ ದಾಖಲೆಗಳಿಂದ. ಬರೆದಿಟ್ಟಿದ್ದಕ್ಕೇ ತಪ್ಪು ಸಿಕ್ಕಿತು.

ನಮ್ಮ ಮುಧೋಳ ನಾಯಿಯ ಮುಂದೆ ಈಗ ಇದೇ ಕವಲುದಾರಿ ಇದೆ. 2005ರಲ್ಲಿ ಅದರ ಅಂಚೆಚೀಟಿ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಭಾರತದ ಕೆನಲ್ ಕ್ಲಬ್ಬಿನ ಪುಸ್ತಕದಲ್ಲಿ ಇದರ ಹೆಸರು ಕ್ಯಾರವಾನ್ ಹೌಂಡ್, ಸಾಕುವವರಿಗೆ ಮುಧೋಳ. ಆ ಕಡೆಯ ನಮ್ಮ ಸೋದರಮಾವ ಕಾಗದ ಕೇಳುವುದಿಲ್ಲ. ‘ಮೊದಲ ಇದರವ್ವ ಯಾರ ಮನ್ಯಾಗ ಐತಿ ಕೇಳು. ಹೋಗಿ ಅದರ ಓಟ ನೋಡು, ಉಸಿರು ನೋಡು’ ಎನ್ನುತ್ತಾನೆ. ಅವನ ಪರೀಕ್ಷೆ ಒಳ್ಳೆಯದೇ. ಆದರೆ ಅಜ್ಜ ಯಾರು, ಮುತ್ತಜ್ಜ ಯಾರು ಎಂಬುದು ಅವನ ನೆನಪಿಗೂ ನಿಲುಕದು. ಅದಕ್ಕೆ ಪುಸ್ತಕ ಬೇಕು. ಆದರೆ ಬಾಗಿಲಿರುವ ಪುಸ್ತಕ ಬೇಕು, ಕಾಯಿಲೆಗೂ ಒಂದು ಅಂಕಣವಿರುವ ಪುಸ್ತಕ.

ಚುಕ್ಕಿ ಹನ್ನೊಂದು ವರ್ಷ ಬದುಕಿತು. ಪ್ರತಿ ಭಾನುವಾರ ಅಪ್ಪ ಅದಕ್ಕೆ ಪ್ರೀತಿಯಿಂದ ಕುರಿಯ ಲಿವರ್ ಬೇಯಿಸಿ ಹಾಕುತ್ತಿದ್ದರು. ಯೂರಿಕ್ ಆಮ್ಲ ಏರಿಸುವುದರಲ್ಲಿ ಲಿವರ್ ಮುಂದು ಎಂದು ಗೊತ್ತಾದದ್ದು ಆಪರೇಷನ್ ಆದ ದಿನ. ಆ ಕಾಗದದಲ್ಲಿ ಅದರ ಅಜ್ಜಂದಿರಿಬ್ಬರ ಹೆಸರೂ ಇತ್ತು. ಈ ಒಂದು ಸಾಲು ಇರಲಿಲ್ಲ.