‘ಅರಳು ಮರಳು’ ಅಂತ ಸುಮ್ಮನಾಗುವ ಮುನ್ನ: ಡಿಮೆನ್ಷಿಯಾ ಆರೈಕೆ ಕೇಂದ್ರ ಹುಡುಕುವವರಿಗೆ ಒಂದು ಕೈಪಿಡಿ

ಕಳೆದ ವರ್ಷ ಒಂದು ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ನಮ್ಮ ದೊಡ್ಡಮ್ಮ ಸೀರೆ ಉಟ್ಟು, ಹೆಗಲಿಗೆ ಬ್ಯಾಗು ಹಾಕಿಕೊಂಡು ಬೀದಿಗಿಳಿದಿದ್ದರು. ಹಾಲು ಹಾಕುವ ಹುಡುಗ ಗುರುತು ಹಿಡಿದು ವಾಪಸ್ ಕರ್ಕೊಂಡು ಬಂದ. ‘ಸ್ಕೂಲಿಗೆ ಹೊತ್ತಾಯ್ತು, ಪ್ರಾರ್ಥನೆ ಶುರುವಾಗಿರುತ್ತೆ’ ಅನ್ನೋದು ಅವರ ವಾದ. ಸರ್ಕಾರಿ ಪ್ರಾಥಮಿಕ ಶಾಲೆಯಿಂದ ಅವರು ನಿವೃತ್ತರಾಗಿ ಹದಿನಾರು ವರ್ಷ ಕಳೆದಿತ್ತು.

ದೊಡ್ಡಮ್ಮ ಮದುವೆಯಾಗಲಿಲ್ಲ. ನನ್ನ ಎಂಜಿನಿಯರಿಂಗ್ ಫೀಸು ಕಟ್ಟಿದ್ದು ಅವರ ಸಂಬಳದಿಂದ. ಮರೆವು ಶುರುವಾದ ಮೇಲೆ ನಾಲ್ಕು ವರ್ಷ ಅವರನ್ನು ನೋಡಿಕೊಂಡಿದ್ದು ನನ್ನ ಅಮ್ಮ. ಅಮ್ಮನಿಗೂ ಅರವತ್ತಾರು, ಬಿಪಿ, ಮಂಡಿ ನೋವು. ನಾನು ಆ ನಾಲ್ಕು ವರ್ಷ ಏನು ಮಾಡಿದೆ ಅಂದರೆ ಹಣ ಕಳಿಸಿದೆ, ಫೋನ್ ಮಾಡಿದೆ. ಆ ಬೆಳಗಿನ ಘಟನೆಯ ನಂತರ ಅಮ್ಮ ಮೊದಲ ಸಲ ಹೇಳಿದಳು: ‘ನನ್ನ ಕೈಲಾಗ್ತಿಲ್ಲ ಕಣೋ.’

ಮುಂದಿನ ಎರಡು ತಿಂಗಳಲ್ಲಿ ನಾನು ಬೆಂಗಳೂರಿನ ಏಳು ಆರೈಕೆ ಕೇಂದ್ರಗಳನ್ನು ನೋಡಿದೆ. ಎಂಜಿನಿಯರ್ ಬುದ್ಧಿ, ಎಕ್ಸೆಲ್ ಶೀಟ್ ಮಾಡಿಕೊಂಡಿದ್ದೆ. ಅದರ ಮೊದಲ ಕಾಲಂ ‘ಕೋಣೆಯ ಅಳತೆ’ ಆಗಿತ್ತು ಅನ್ನೋದನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತೆ. ನಿಮ್ಮ ಮನೆಯಲ್ಲೂ ಇಂಥ ದಿನ ಬರಬಹುದು. ಲಾಸಿ–ಡ್ಯಾಡ್ ಅಧ್ಯಯನದ ಪ್ರಕಾರ 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಪುರುಷರಿಗಿಂತ ಮಹಿಳೆಯರಲ್ಲಿ, ನಗರಕ್ಕಿಂತ ಹಳ್ಳಿಗಳಲ್ಲಿ ಪ್ರಮಾಣ ಹೆಚ್ಚು.

ಮೊದಲು ಡಾಕ್ಟರು, ಆಮೇಲೆ ಕೇಂದ್ರ

‘ಅರವತ್ತಕ್ಕೆ ಅರಳು ಮರಳು’ ಅನ್ನೋ ಮಾತು ನಮ್ಮಲ್ಲಿ ಮಾಡಿರುವ ಹಾನಿ ಸಣ್ಣದಲ್ಲ. ವಯಸ್ಸಾದ ಮೇಲೆ ಇದೆಲ್ಲ ಸಹಜ ಅಂತ ನಾವೂ ಎರಡು ವರ್ಷ ಕಳೆದೆವು. ಡಿಮೆನ್ಷಿಯಾ ಅನ್ನೋದು ಒಂದೇ ಕಾಯಿಲೆಯ ಹೆಸರಲ್ಲ. ನೆನಪು, ಯೋಚನೆ, ದಿನನಿತ್ಯದ ಕೆಲಸ ಮಾಡುವ ಶಕ್ತಿ ಕುಂದುವ ಸ್ಥಿತಿಗೆ ಇಟ್ಟಿರುವ ಹೆಸರು. ಆಲ್ಝೈಮರ್ ಅದಕ್ಕೆ ಅತಿ ಸಾಮಾನ್ಯ ಕಾರಣ. ಮಿದುಳಿನ ರಕ್ತನಾಳಗಳ ತೊಂದರೆ ಇನ್ನೊಂದು. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ಮಾತ್ರೆಗಳ ಅಡ್ಡಪರಿಣಾಮ ಇವೆಲ್ಲ ಡಿಮೆನ್ಷಿಯಾದಂತೆಯೇ ಕಾಣಬಹುದು, ಮತ್ತು ಇವುಗಳಿಗೆ ಚಿಕಿತ್ಸೆ ಇದೆ. ಇದ್ದಕ್ಕಿದ್ದಂತೆ ಎರಡು ಮೂರು ದಿನಗಳಲ್ಲಿ ಗೊಂದಲ ಹೆಚ್ಚಾದರೆ ಅದು ಮೂತ್ರದ ಸೋಂಕಿನಿಂದಲೂ ಆಗಿರಬಹುದು. ಹಾಗಾಗಿ ಸರಿಯಾದ ತಪಾಸಣೆ ಇಲ್ಲದೆ ಯಾರನ್ನೂ ಎಲ್ಲಿಗೂ ಸೇರಿಸಬೇಡಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ತಜ್ಞರಿದ್ದಾರೆ. ಅಲ್ಲಿಯವರೆಗೆ ಬರಲಾಗದವರು ಜಿಲ್ಲಾಸ್ಪತ್ರೆಯಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಬಗ್ಗೆ ವಿಚಾರಿಸಿ. ಇದು ನಿಮ್ಹಾನ್ಸ್ ಜತೆ ಸೇರಿ ರಾಜ್ಯ ಸರ್ಕಾರ ನಡೆಸುವ ಕಾರ್ಯಕ್ರಮ. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು.

ಕೇಂದ್ರವೇ ಬೇಕಾ?

ಮನೆ ಅಥವಾ ಕೇಂದ್ರ, ಎರಡೇ ದಾರಿ ಅಂತ ನಾನು ಅಂದುಕೊಂಡಿದ್ದೆ. ನಡುವೆ ಇನ್ನೂ ಕೆಲವಿವೆ. ಮನೆಗೇ ಬಂದು ನೋಡಿಕೊಳ್ಳುವವರು ಸಿಗುತ್ತಾರೆ. ಬೆಳಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಬರುವ ಡೇ ಕೇರ್‌ಗಳಿವೆ. ಮನೆಯವರು ಸ್ವಲ್ಪ ಸುಧಾರಿಸಿಕೊಳ್ಳಲಿ ಅಂತ ಒಂದೆರಡು ವಾರದ ಮಟ್ಟಿಗೆ ಇರಿಸಿಕೊಳ್ಳುವ ವ್ಯವಸ್ಥೆಯೂ ಕೆಲವು ಕಡೆ ಇದೆ. ನಮ್ಮಲ್ಲಿ ಡಿಮೆನ್ಷಿಯಾ ಕುಟುಂಬಗಳಿಗಾಗಿ 1992ರಿಂದ ಕೆಲಸ ಮಾಡುತ್ತಿರುವ ಎಆರ್‌ಡಿಎಸ್‌ಐ ಸಂಸ್ಥೆಗೆ ಹಲವು ಊರುಗಳಲ್ಲಿ ಶಾಖೆಗಳಿವೆ, ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳಿವೆ. ಸೇರಿಸದಿದ್ದರೂ ಸಲಹೆ ಕೇಳೋಕೆ ಇಂಥ ಕಡೆ ಒಮ್ಮೆ ಮಾತಾಡಿ.

ಮನೆ ಸಾಲದು ಅಂತ ಯಾವಾಗ ಗೊತ್ತಾಗುತ್ತೆ? ರಾತ್ರಿ ಎದ್ದು ಹೊರಟುಬಿಡುವುದು, ಗ್ಯಾಸ್ ಹಚ್ಚಿ ಮರೆಯುವುದು, ಸ್ನಾನ ಮಾಡಿಸಲು ಹೋದರೆ ಹೊಡೆಯುವುದು, ಒಬ್ಬರೇ ಎತ್ತಿ ಕೂರಿಸಲು ಆಗದಿರುವುದು. ಇದರ ಜತೆಗೆ ಇನ್ನೊಂದು ಲಕ್ಷಣವನ್ನೂ ಪಟ್ಟಿಗೆ ಸೇರಿಸಿ: ನೋಡಿಕೊಳ್ಳುವವರ ಆರೋಗ್ಯ. ಅಮ್ಮ ನಾಲ್ಕು ವರ್ಷದಲ್ಲಿ ಒಂದು ಮದುವೆಗೂ ಹೋಗಿರಲಿಲ್ಲ, ತನ್ನ ಬಿಪಿ ಮಾತ್ರೆಯನ್ನೇ ಮರೆಯುತ್ತಿದ್ದಳು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು ಗಮನ ನನಗಿರಲಿಲ್ಲ.

ನೋಡಲು ಹೋದಾಗ ಏನು ನೋಡಬೇಕು?

ಎರಡು ಸಲ ಹೋಗಿ. ಒಮ್ಮೆ ಹೇಳಿ, ಇನ್ನೊಮ್ಮೆ ಹೇಳದೆ. ಹೇಳದೆ ಹೋಗುವುದು ಸಂಜೆ ಐದರಿಂದ ಏಳರ ನಡುವೆ ಇರಲಿ. ಡಿಮೆನ್ಷಿಯಾ ಇರುವ ಅನೇಕರಿಗೆ ಹೊತ್ತು ಮುಳುಗುವಾಗ ಗಾಬರಿ, ಸಿಡಿಮಿಡಿ ಜಾಸ್ತಿ. ಆ ಹೊತ್ತಿನಲ್ಲಿ ಸಿಬ್ಬಂದಿ ಹೇಗೆ ನಡೆದುಕೊಳ್ಳುತ್ತಾರೆ ಅನ್ನೋದೇ ನಿಜವಾದ ಪರೀಕ್ಷೆ. ಒಂದು ಕಡೆ ಬೆಳಗ್ಗೆ ಹೂಗುಚ್ಛ, ಭಜನೆ, ಎಲ್ಲ ಚೆನ್ನಾಗಿತ್ತು. ಸಂಜೆ ಹೋದರೆ ಹನ್ನೆರಡು ಜನ ಟಿವಿ ಮುಂದೆ ಸಾಲಾಗಿ ಕೂತಿದ್ದರು. ಒಬ್ಬ ಅಜ್ಜಿಯನ್ನು ದುಪಟ್ಟಾದಲ್ಲಿ ಕುರ್ಚಿಗೆ ಕಟ್ಟಿದ್ದರು. ‘ಬೀಳ್ತಾರೆ ಸಾರ್, ಅದಕ್ಕೆ’ ಅಂದರು. ಅಲ್ಲಿ ಆಗ ಇದ್ದ ಸಿಬ್ಬಂದಿ ಇಬ್ಬರೇ.

ಕೇಳಲೇಬೇಕಾದ ಪ್ರಶ್ನೆಗಳು ಇವು:

ರಾತ್ರಿ ಪಾಳಿಯಲ್ಲಿ ಎಷ್ಟು ಜನ ಎಚ್ಚರವಿರುತ್ತಾರೆ? ಹಗಲಿನ ಲೆಕ್ಕ ಎಲ್ಲರೂ ಹೇಳುತ್ತಾರೆ, ರಾತ್ರಿಯದ್ದು ಕೇಳಿದರೆ ಮಾತು ತಡವರಿಸುತ್ತೆ. ತರಬೇತಿ ಪಡೆದ ನರ್ಸ್ ಇದ್ದಾರಾ, ಅಥವಾ ಫೋನಿನಲ್ಲಿ ಸಿಗುತ್ತಾರಾ ಅನ್ನೋದನ್ನೂ ಬಿಡಿಸಿ ಕೇಳಿ.

ಸಿಬ್ಬಂದಿ ಎಷ್ಟು ದಿನದಿಂದ ಇದ್ದಾರೆ? ತಿಂಗಳಿಗೊಬ್ಬರು ಬದಲಾದರೆ ನಿಮ್ಮವರ ಅಭ್ಯಾಸ ಯಾರಿಗೂ ಗೊತ್ತಿರುವುದಿಲ್ಲ.

ಯಾವ ಭಾಷೆ ಮಾತಾಡುತ್ತಾರೆ? ಕಾಯಿಲೆ ಹೆಚ್ಚಾದಂತೆ ಆಮೇಲೆ ಕಲಿತ ಭಾಷೆಗಳು ಜಾರಿ ಹುಟ್ಟುಭಾಷೆ ಉಳಿಯುವುದು ಸಾಮಾನ್ಯ. ನಾನು ನೋಡಿದ ಏಳರಲ್ಲಿ ನಾಲ್ಕು ಕಡೆ ಆರೈಕೆಯವರಿಗೆ ಕನ್ನಡ ಬರುತ್ತಿರಲಿಲ್ಲ. ದೂರದ ಊರಿನಿಂದ ದುಡಿಯಲು ಬಂದ ಹೆಣ್ಣುಮಕ್ಕಳು, ಅವರ ತಪ್ಪೇನಿಲ್ಲ. ಆದರೆ ‘ಹೊಟ್ಟೆ ನೋಯ್ತಿದೆ’ ಅಂತ ದೊಡ್ಡಮ್ಮ ಹೇಳಿದರೆ ಯಾರಿಗಾದರೂ ತಿಳಿಯಬೇಕಲ್ಲ?

ಸಿಟ್ಟು, ಹಟ ಮಾಡಿದಾಗ ಏನು ಮಾಡುತ್ತೀರಿ? ಉತ್ತರ ನೇರವಾಗಿ ಮಾತ್ರೆಗೆ ಹೋದರೆ ಎಚ್ಚರ. ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಆ್ಯಂಟಿಸೈಕೋಟಿಕ್ ಔಷಧಿಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಅಂತ ಅಮೆರಿಕದ ಎಫ್‌ಡಿಎ 2005ರಲ್ಲೇ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದೆ. ಕೆಲವೊಮ್ಮೆ ಅವು ಬೇಕಾಗಬಹುದು. ಆದರೆ ಬರೆದುಕೊಟ್ಟ ಡಾಕ್ಟರು ಯಾರು, ಎಷ್ಟು ದಿನಕ್ಕೆ, ಮತ್ತೆ ಯಾವಾಗ ಪರಿಶೀಲನೆ ಅನ್ನೋದು ನಿಮಗೆ ತಿಳಿದಿರಬೇಕು.

ಇನ್ನು ಬಾಯಲ್ಲಿ ಕೇಳದೆ ಕಣ್ಣಲ್ಲೇ ನೋಡಬೇಕಾದ್ದು: ಶೌಚಾಲಯದಲ್ಲಿ ಹಿಡಿಕೆ ಇದೆಯಾ, ನೆಲ ಜಾರುತ್ತಾ, ಓಡಾಡಲು ಸುರಕ್ಷಿತವಾದ ಅಂಗಳ ಇದೆಯಾ. ಊಟದ ಹೊತ್ತಿಗೆ ಇದ್ದು ನೋಡಿ. ತಟ್ಟೆ ಇಟ್ಟು ಹೋಗುತ್ತಾರಾ, ಪಕ್ಕದಲ್ಲಿ ಕೂತು ತಿನ್ನಿಸುತ್ತಾರಾ? ಅಲ್ಲಿರುವವರನ್ನು ಸಿಬ್ಬಂದಿ ಹೆಸರು ಹಿಡಿದು, ‘ಅಜ್ಜಿ’, ‘ಅಮ್ಮ’ ಅಂತ ಕರೆಯುತ್ತಾರಾ, ಅಥವಾ ‘ಮೂರನೇ ಬೆಡ್’ ಅಂತಾರಾ?

ದುಡ್ಡಿನ ಮಾತು

ಫೋನಿನಲ್ಲಿ ಹೇಳುವ ತಿಂಗಳ ಶುಲ್ಕ ಪೂರ್ತಿ ಲೆಕ್ಕವಲ್ಲ. ಡೈಪರ್, ಔಷಧಿ, ಫಿಸಿಯೋಥೆರಪಿ, ಡಾಕ್ಟರ್ ಭೇಟಿ, ಆಂಬ್ಯುಲೆನ್ಸ್ ಬೇರೆ ಇರುತ್ತವೆ. ಒಂದು ಕಡೆ ಶುಲ್ಕದ ಅರ್ಧದಷ್ಟು ‘ಇತರೆ’ ಇತ್ತು. ಠೇವಣಿ ಎಷ್ಟು, ಅದು ವಾಪಸ್ ಬರುತ್ತಾ, ಆಸ್ಪತ್ರೆಗೆ ಸೇರಿದ ದಿನಗಳಿಗೂ ಶುಲ್ಕ ಹಾಕುತ್ತಾರಾ, ವರ್ಷಕ್ಕೆ ಎಷ್ಟು ಏರುತ್ತೆ, ಕಾಯಿಲೆ ಹೆಚ್ಚಾದರೆ ಕರೆದುಕೊಂಡು ಹೋಗಿ ಅಂತಾರಾ? ಐದೂ ಕರಾರು ಪತ್ರದಲ್ಲಿ ಬರೆದಿರಬೇಕು. ಡಿಮೆನ್ಷಿಯಾ ವರ್ಷಗಟ್ಟಲೆ ನಡೆಯುವ ಕಾಯಿಲೆ. ಮೊದಲ ಆರು ತಿಂಗಳು ಕಟ್ಟಬಲ್ಲೆವಾ ಅಂತಲ್ಲ, ಆರನೇ ವರ್ಷ ಕಟ್ಟಬಲ್ಲೆವಾ ಅಂತ ಕೇಳಿಕೊಳ್ಳಿ.

ಕಾನೂನು ಏನು ಹೇಳುತ್ತೆ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ‘ಮಾನಸಿಕ ಅಸ್ವಸ್ಥತೆ’ಯ ವ್ಯಾಖ್ಯೆಯಲ್ಲಿ ನೆನಪು ಮತ್ತು ದಿಕ್ಕುಕಾಲದ ಅರಿವಿನ ಗಂಭೀರ ತೊಂದರೆಯನ್ನೂ ಸೇರಿಸಿದೆ. ಮಾನಸಿಕ ಅಸ್ವಸ್ಥರನ್ನು ಇರಿಸಿಕೊಂಡು ಆರೈಕೆ ಮಾಡುವ ಸಂಸ್ಥೆಗಳು ನೋಂದಣಿ ಮಾಡಿಸಬೇಕು ಅನ್ನುತ್ತೆ. ಹಾಗಾಗಿ ನೋಂದಣಿ ಯಾವ ಕಾಯ್ದೆಯಡಿ, ಯಾವ ಪ್ರಾಧಿಕಾರದಲ್ಲಿ ಅಂತ ಕೇಳಿ, ಪ್ರಮಾಣಪತ್ರ ನೋಡಿ. ಅದೇ ಕಾಯ್ದೆಯ 97ನೇ ಸೆಕ್ಷನ್ ಕಟ್ಟಿಹಾಕುವುದರ ಬಗ್ಗೆ ಇದೆ. ಒಡನೆಯೇ ಆಗಬಹುದಾದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿದ್ದಾಗ, ಮನೋವೈದ್ಯರ ಅನುಮತಿ ಪಡೆದು, ದಾಖಲಿಸಿ ಮಾತ್ರ ಮಾಡಬಹುದು. ಸಿಬ್ಬಂದಿ ಕೊರತೆ ಅನ್ನೋ ಕಾರಣಕ್ಕೆ ಕಟ್ಟುವ ಹಾಗಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ದುಪಟ್ಟಾ ನೋಡಿದ ದಿನ ನನಗೆ ಇದು ಗೊತ್ತಿರಲಿಲ್ಲ. ತಲೆ ತಗ್ಗಿಸಿ ಎದ್ದು ಬಂದೆ. ಆ ಅಜ್ಜಿಯ ಮನೆಯವರಿಗೆ ಗೊತ್ತಿತ್ತೋ ಇಲ್ಲವೋ.

ಇದೇ ಕಾಯ್ದೆಯಲ್ಲಿ ಮುಂಗಡ ನಿರ್ದೇಶನಕ್ಕೂ ಅವಕಾಶ ಇದೆ. ಮುಂದೆ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು ಅಂತ ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಬರೆದಿಡಬಹುದು.

ಹಣಕಾಸಿನ ವಿಷಯದಲ್ಲಿ ಬಹಳ ಕುಟುಂಬಗಳು ಎಡವುವುದು ಪವರ್ ಆಫ್ ಅಟಾರ್ನಿಯಲ್ಲಿ. 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಅಧಿಕಾರವೂ ಮುಗಿಯುತ್ತೆ. ಬೇಕಾದ ಹೊತ್ತಿಗೇ ಕೆಲಸಕ್ಕೆ ಬಾರದ ಕಾಗದ ಅದು. ಆದ್ದರಿಂದ ಕಾಯಿಲೆಯ ಆರಂಭದಲ್ಲೇ ಜಂಟಿ ಖಾತೆ, ನಾಮಿನಿ, ವಿಲ್ ಇವನ್ನೆಲ್ಲ ಅವರನ್ನು ಕೇಳಿ, ಅವರ ಇಷ್ಟದಂತೆ ಮುಗಿಸಿಕೊಳ್ಳಿ. ನಾವು ತಡ ಮಾಡಿದೆವು. ಮಕ್ಕಳ ಕಾಪಿ ತಿದ್ದಿ ತಿದ್ದಿ ಮುತ್ತಿನಂಥ ಅಕ್ಷರ ಬರೆಯುತ್ತಿದ್ದ ದೊಡ್ಡಮ್ಮನ ಸಹಿ ಬ್ಯಾಂಕಿನಲ್ಲಿ ಹೊಂದಲಿಲ್ಲ. ಅವರ ಪಿಂಚಣಿ ಅವರ ಆರೈಕೆಗೇ ಬರಲು ಅಮ್ಮ ತಿಂಗಳುಗಟ್ಟಲೆ ಅಲೆದಳು.

ಇದು ಮನೆ ವಿಷಯ ಮಾತ್ರಾನಾ?

ದೊಡ್ಡಮ್ಮನಿಗೆ ಪಿಂಚಣಿ ಇದೆ, ನನಗೆ ಸಂಬಳ ಇದೆ. ಅದಕ್ಕೇ ನಮಗೆ ‘ಆಯ್ಕೆ’ ಅನ್ನೋ ಪದ ಬಳಸಲು ಸಾಧ್ಯವಾಯಿತು. ಸಂಧ್ಯಾ ಸುರಕ್ಷಾದ 1,200 ರೂಪಾಯಿಯಲ್ಲಿ ಬದುಕುವ ಮುದುಕಿಗೆ ಡಿಮೆನ್ಷಿಯಾ ಬಂದರೆ? 70 ದಾಟಿದ ಎಲ್ಲರಿಗೂ 2024ರಲ್ಲಿ ಆಯುಷ್ಮಾನ್ ಭಾರತ್ ವಿಸ್ತರಿಸಿದ್ದಾರೆ. ಅದು ಆಸ್ಪತ್ರೆಗೆ ದಾಖಲಾದರೆ ಸಿಗುವ ನೆರವು, ವರ್ಷಗಟ್ಟಲೆ ತಿನ್ನಿಸಿ, ತೊಳೆದು, ಕಾಯುವ ಆರೈಕೆಗಲ್ಲ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಜಿಲ್ಲೆಗೆ ಕನಿಷ್ಠ ಒಂದು, 150 ಬಡ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮದ ಮಾತಾಡುತ್ತೆ. ಆದರೆ ಅಲ್ಲಿರುವ ಪದ ‘ಸ್ಥಾಪಿಸಬಹುದು’, ‘ಸ್ಥಾಪಿಸಬೇಕು’ ಅಲ್ಲ. ಇನ್ನು ನಾನು ಫೋನ್ ಮಾಡಿದ ಸಾಮಾನ್ಯ ವೃದ್ಧಾಶ್ರಮಗಳೆಲ್ಲ ‘ಮರೆವು ಇದ್ದರೆ ತಗೊಳ್ಳಲ್ಲ’ ಅಂದವು.

ಹಾಗಾದರೆ ಈ ಆರೈಕೆ ಈಗ ನಡೆಯುತ್ತಿರುವುದು ಯಾರ ಬೆನ್ನ ಮೇಲೆ? 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಕೊಡುತ್ತಾರೆ ಅಂತಿದೆ. ನಮ್ಮನೆಯಲ್ಲಿ ಈ ಅಂತರ ಇನ್ನೂ ದೊಡ್ಡದಿತ್ತು. ನಾನು ಲೇಬರ್ ಕೋಡ್ ವಿರುದ್ಧ ಅಂಕಣ ಬರೆಯುತ್ತಿದ್ದ ದಿನಗಳಲ್ಲೇ ಅಮ್ಮ ರಾತ್ರಿ ಮೂರು ಸಲ ಎದ್ದು ಅಕ್ಕನ ಹಾಸಿಗೆ ಬದಲಿಸುತ್ತಿದ್ದಳು.

ಕೇಂದ್ರಕ್ಕೆ ಸೇರಿಸಿದ ಮೇಲೂ ಪ್ರಶ್ನೆ ಮುಗಿಯಲಿಲ್ಲ. ನಾವು ಆರಿಸಿದ್ದು ದೊಡ್ಡ ಕಟ್ಟಡವೇನಲ್ಲ, ಹದಿನಾರು ಜನರಿರುವ ಎರಡಂತಸ್ತಿನ ಮನೆ. ಅಮ್ಮ ಒಂದೇ ಬಸ್ಸಿನಲ್ಲಿ ಹೋಗಿ ಬರಬಹುದು. ಬಾಗಿಲು ಹಾಕಿರುತ್ತೆ, ಒಳಗೆ ಓಡಾಡಲು ಅಂಗಳ ಇದೆ. ದೊಡ್ಡಮ್ಮನನ್ನು ನೋಡಿಕೊಳ್ಳುವುದು ರಾಯಚೂರು ಕಡೆಯ ಒಬ್ಬ ಹೆಣ್ಣುಮಗಳು. ಹನ್ನೆರಡು ಗಂಟೆ ಪಾಳಿ. ಸೇರಿಸುವಾಗ ನಾನು ಶುಲ್ಕದಲ್ಲಿ ಚೌಕಾಸಿ ಮಾಡಿ ಮೂರು ಸಾವಿರ ಇಳಿಸಿದ್ದೆ, ಗೆದ್ದೆ ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ಆಕೆಯ ಸಂಬಳ ಕೇಳಿದೆ. ಮಾಲೀಕರು ಆ ಮೂರು ಸಾವಿರ ಎಲ್ಲಿಂದ ಉಳಿಸುತ್ತಾರೆ ಅಂತ ಊಹಿಸಲು ಎಂಜಿನಿಯರಿಂಗ್ ಬೇಕಿಲ್ಲ. ನಿಮ್ಮ ಪ್ರಶ್ನೆಗಳ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ: ಆರೈಕೆ ಮಾಡುವವರಿಗೆ ಎಷ್ಟು ಕೊಡುತ್ತೀರಿ, ವಾರಕ್ಕೆ ರಜೆ ಇದೆಯಾ, ಪಿಎಫ್, ಇಎಸ್‌ಐ ಇದೆಯಾ? ದಣಿದ ಕೈಗಳಿಂದ ಒಳ್ಳೆಯ ಆರೈಕೆ ನಿರೀಕ್ಷಿಸುವುದು ನ್ಯಾಯವಲ್ಲ.

ಸೇರಿಸಿದ ಮೊದಲ ತಿಂಗಳು ನೆಂಟರ ಫೋನುಗಳೇ ಫೋನು. ‘ಮಕ್ಕಳಿಲ್ಲ ಅಂತ ಬಿಟ್ಟುಬಿಟ್ರಾ’ ಅಂದವರಲ್ಲಿ ಒಬ್ಬರೂ ನಾಲ್ಕು ವರ್ಷದಲ್ಲಿ ಒಂದು ರಾತ್ರಿ ಬಂದು ಕೂತಿರಲಿಲ್ಲ. ಅಮ್ಮ ಮಾತ್ರ ಇವತ್ತಿಗೂ ‘ಅಕ್ಕನ್ನ ಬಿಟ್ಟು ಬಂದೆ ಅನ್ಸುತ್ತೆ ಕಣೋ’ ಅಂತಾಳೆ. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ವಾರಕ್ಕೆ ಮೂರು ದಿನ ಹೋಗಿ ಅಕ್ಕನಿಗೆ ತಲೆ ಬಾಚಿ ಬರುತ್ತಾಳೆ. ರಾತ್ರಿ ನಿದ್ದೆ ಮಾಡುತ್ತಾಳೆ.

ದೊಡ್ಡಮ್ಮನಿಗೆ ಈಗ ನನ್ನ ಗುರುತು ಸಿಗಲ್ಲ. ಬೆಳಗ್ಗೆ ತಿಂಡಿಯಾದ ಮೇಲೆ ಅಲ್ಲಿಯ ಹದಿನಾರು ಜನರ ಹಾಜರಿ ಕೂಗುತ್ತಾರಂತೆ, ಬಾಯಿಗೆ ಬಂದ ಹೆಸರುಗಳಲ್ಲಿ. ರಾಯಚೂರಿನ ಆ ಹೆಣ್ಣುಮಗಳು ಅವರಿಗೆ ಒಂದು ಹಳೇ ರಿಜಿಸ್ಟರ್ ಪುಸ್ತಕ, ಪೆನ್ಸಿಲ್ ತಂದುಕೊಟ್ಟಿದ್ದಾಳೆ. ಹಾಗೆ ಮಾಡು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಕಳೆದ ವಾರ ಹೋದಾಗ ದೊಡ್ಡಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಲೇಟು’ ಅಂದರು. ಹೋಗಿ ಕೊನೆಯ ಸಾಲಿನಲ್ಲಿ ಕೂತೆ.