ಕಪಿಲೆಯ ಮೊದಲ ಮಕ್ಕಳು

ನಂಜನಗೂಡಿನ ಕಪಿಲಾತೀರದ ಚರಿತ್ರೆಯನ್ನು ಸಾಮಾನ್ಯವಾಗಿ ಅರಸರಿಂದ ಆರಂಭಿಸುವುದು ರೂಢಿ. ನದಿಯ ಚರಿತ್ರೆ ಅದಕ್ಕಿಂತ ಹಳೆಯದು. ಕಾವೇರಿಯನ್ನು ಕಪಿಲೆ ಕೂಡುವ ತಿರುಮಕೂಡಲು ನರಸೀಪುರದಲ್ಲಿ ಡಾ. ಎಂ. ಶೇಷಾದ್ರಿಯವರು 1960ರ ದಶಕದಲ್ಲಿ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದವರ ಸಮಾಧಿಗಳು ದೊರೆತವು.

ಈಚೆಗೆ ಕವಲಂದೆಯಿಂದ ಮಕ್ಕಳು, ಮೊಮ್ಮಕ್ಕಳೊಡನೆ ನಂಜನಗೂಡಿಗೆ ಹೋಗಿದ್ದೆ. ಶ್ರೀಕಂಠೇಶ್ವರನ ದರ್ಶನದ ಬಳಿಕ ಸ್ನಾನಘಟ್ಟದಲ್ಲಿ ಕುಳಿತಾಗ ಮೊಮ್ಮಗಳು, "ಈ ನೀರು ಎಲ್ಲಿಂದ ಬರುತ್ತದೆ?" ಎಂದು ಕೇಳಿದಳು. ವಯನಾಡಿನ ಬೆಟ್ಟಗಳಿಂದ, ಹೆಗ್ಗಡದೇವನಕೋಟೆಯ ಕಾಡನ್ನು ಹಾದು ಎಂದೆ. ಆ ಕಾಡು ಜೇನುಕುರುಬರ, ಕಾಡುಕುರುಬರ ತವರು. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟೆಯ ಹಿನ್ನೀರಿಗಾಗಿ ಅವರಲ್ಲಿ ಅನೇಕರು ನೆಲೆ ಕಳೆದುಕೊಂಡರು. ನಂಜನಗೂಡು ಸೀಮೆಯ ಗದ್ದೆಗಳು ಹಸುರಾದವು.

ಅವರು ಚರಿತ್ರೆಯ ಪುಟದಲ್ಲಿ ಮಾತ್ರ ಉಳಿದವರಲ್ಲ, ಇಂದಿಗೂ ಹಾಡಿಗಳಲ್ಲಿ ಬಾಳುತ್ತಿದ್ದಾರೆ. ಕಪಿಲೆಗೆ ಕೈಮುಗಿಯುವಾಗ, ಪ್ರಿಯ ಶಿಷ್ಯರೇ, ಆ ಋಣವನ್ನೂ ನೆನೆಯಿರಿ.